ಹುಳು ಬಟ್ಟಲಲ್ಲಿ ಬೇಡ, ಹಾಸಿನ ಮೇಲೆ ಎರಚಿ

ಮೊಟ್ಟೆ ಕೋಳಿಗಳಿಗೆ ನಾನು ಜೀವಂತ ಹುಳು ಹಾಕುವುದು ಮುಖ್ಯವಾಗಿ ಅವಕ್ಕೊಂದು ಕೆಲಸ ಸಿಗಲಿ ಅಂತ. ಪುಡಿ ಫೀಡ್ ತಿಂದು ಮುಗಿಸಲು ಕೋಳಿಗೆ ಜಾಸ್ತಿ ಹೊತ್ತು ಬೇಡ. ಆಮೇಲೆ ಸುಮ್ನೆ ನಿಂತ ಕೋಳಿ ಪಕ್ಕದ್ದರ ಪುಕ್ಕ ಕೀಳಲು ಶುರು ಮಾಡುತ್ತದೆ.

ನಾನು ಸಾಕುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಹುಳು. ಹುಳು ಬೆಳೆದು ನೊಣವಾದ ಮೇಲೂ ಕಚ್ಚುವುದಿಲ್ಲ, ಊಟದ ಮೇಲೆ ಕೂರುವ ಹುಚ್ಚೂ ಅದಕ್ಕಿಲ್ಲ. ವಾರದಷ್ಟೇ ಬದುಕಿ, ಒಂದೊಂದು ಹೆಣ್ಣು ಸುಮಾರು 500 ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆ ನಾಲ್ಕೈದು ದಿನದಲ್ಲಿ ಒಡೆಯುತ್ತದೆ. 27ರಿಂದ 30 ಡಿಗ್ರಿ ಬಿಸಿ ಇದ್ದರೆ ಎರಡು ಮೂರು ವಾರಕ್ಕೆ ಹುಳು ಕೊಯ್ಲಿಗೆ ಸಿದ್ಧ.

ಟಬ್ಬಿಗೆ ನಾನು ಹಾಕುವುದು ತರಕಾರಿ ಸಿಪ್ಪೆ, ಹಣ್ಣು, ನೆನೆಸಿದ ತೌಡು, ಇಷ್ಟೇ. ಮಾಂಸ, ಗೊಬ್ಬರ ಹತ್ತಿರಕ್ಕೂ ಬರುವ ಹಾಗಿಲ್ಲ. ಹುಳು ತಿಂದದ್ದೆಲ್ಲ ಕೊನೆಗೆ ಕೋಳಿಯ ಹೊಟ್ಟೆಗೇ ತಾನೆ? ಕ್ಯಾಡ್ಮಿಯಂನಂಥ ಲೋಹವಂತೂ ಈ ಹುಳುವಿನ ಮೈಯಲ್ಲಿ ಶೇಖರವಾಗುತ್ತದೆ. ತೇವ ಜಾಸ್ತಿಯಾದರೆ ವಾಸನೆ ಬರುತ್ತದೆ, ಹುಳುಗಳು ಒದ್ದೆ ಗೋಡೆ ಹತ್ತಿ ಹೊರಗೆ ಬೀಳುತ್ತವೆ. ಒಂದೆರಡು ಹಿಡಿ ಒಣ ತೌಡು ಹಾಕಿದರೆ ಎರಡೂ ನಿಲ್ಲುತ್ತದೆ.

ಬಲಿತು ಕಪ್ಪಾದ ಹುಳು ಟಬ್ಬಿಗೆ ಓರೆಯಾಗಿ ಇಟ್ಟ ಏರುಹಲಗೆಯನ್ನು ತಾನಾಗಿ ಹತ್ತಿ ಬಕೆಟ್ಟಿಗೆ ಬೀಳುತ್ತದೆ, ಕೆಲಸ ಸುಲಭ. ಆದರೂ ನಾನು ಅವನ್ನು ಮುಂದಿನ ಪೀಳಿಗೆಗೆ ಬಿಟ್ಟು, ಇನ್ನೂ ಬೆಳ್ಳಗಿರುವುದನ್ನೇ ಜರಡಿ ಹಿಡಿಯುತ್ತೇನೆ. ಕಪ್ಪಾದದ್ದರ ಚರ್ಮ ಗಟ್ಟಿ, ಕೋಳಿಗೆ ಅಷ್ಟು ಚೆನ್ನಾಗಿ ಜೀರ್ಣವಾಗುವುದಿಲ್ಲ.

ಇನ್ನು ಹಾಕುವ ರೀತಿ. ಬಟ್ಟಲಲ್ಲಿ ಇಟ್ಟರೆ ಜೋರಿನ ನಾಲ್ಕು ಕೋಳಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ ಮಾಡುತ್ತವೆ. ಉಳಿದವು ನೋಡುತ್ತಾ ನಿಲ್ಲುತ್ತವೆ. ಅದಕ್ಕೇ ಶೆಡ್ಡಿನ ಉದ್ದಕ್ಕೂ, ನೆಲಕ್ಕೆ ಹರಡಿದ ಹೊಟ್ಟಿನ ಹಾಸಿನ ಮೇಲೆ ಎರಚುತ್ತೇನೆ, ಅದೂ ದೂರದ ಮೂಲೆಯಿಂದ ಶುರು ಮಾಡಿ. ಈ ಹುಳುವಿಗೆ ಬೆಳಕು ಆಗದು, ಬಿದ್ದ ತಕ್ಷಣ ಹೊಟ್ಟಿನ ಒಳಗೆ ನುಗ್ಗುತ್ತದೆ. ಕೋಳಿ ಕೆದಕಲೇಬೇಕು! ಕೈಗೆ ಸಿಗದ ಹುಳುವಿಗಾಗಿ ಬಹಳ ಹೊತ್ತು ಕೆದಕುತ್ತಲೇ ಇರುತ್ತವೆ. ಹಾಸು ತಿರುವಿ ಹಾಕುವ ಕೆಲಸ ನನಗೆ ಎಷ್ಟೋ ಕಡಿಮೆಯಾಗಿದೆ, ಗಂಟು ಕಟ್ಟುವುದೂ ಕಡಿಮೆ. ಸತ್ತ ಒಣ ಹುಳುವಿನಲ್ಲಿ ಈ ಲಾಭ ಇಲ್ಲ, ಅದು ಬಿದ್ದಲ್ಲೇ ಬಿದ್ದಿರುತ್ತದೆ. ಬ್ರಾಯ್ಲರ್ ಕೋಳಿಗಳ ಮೇಲೆ ನೆದರ್ಲ್ಯಾಂಡ್ಸಿನ ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದಲ್ಲೂ ಜೀವಂತ ಹುಳು ಎರಚಿದಾಗ ಅವುಗಳ ಓಡಾಟ ಹೆಚ್ಚಾಗಿತ್ತು.

ಹೊತ್ತು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಎರಚಿದರೆ ಮೊಟ್ಟೆ ಇಡಲು ಗೂಡಿಗೆ ಹೋದವು ಎದ್ದು ಓಡಿ ಬರುತ್ತವೆ, ಮೊಟ್ಟೆ ನೆಲದ ಮೇಲೆ ಬೀಳುತ್ತದೆ. ಒಂದೇ ಸಲ ಸುರಿಯುವ ಬದಲು ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಎರಚುವುದು ವಾಸಿ.

ಪ್ರಮಾಣ ಒಂದು ಕೋಳಿಗೆ ದಿನಕ್ಕೆ 10 ಗ್ರಾಂ ಆಸುಪಾಸು. ಜೀವಂತ ಹುಳುವಿನಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಅಂದರೆ ಒಣ ಲೆಕ್ಕದಲ್ಲಿ ಮೂರು ಗ್ರಾಂ ಚಿಲ್ಲರೆ ಆಗಬಹುದು. ದಿನಕ್ಕೆ 110 ಗ್ರಾಂ ಫೀಡ್ ತಿನ್ನುವ ಕೋಳಿಗೆ ಇದು ಯಾವ ಮೂಲೆಗೆ? ಹಾಗಂತ ಸುರಿಯುವಂತೆಯೂ ಇಲ್ಲ. ಒಣ ತೂಕದ ಮೂರನೇ ಒಂದು ಭಾಗದವರೆಗೂ ಕೊಬ್ಬು ಇರುತ್ತದೆ, ಕೋಳಿ ಸುಮ್ನೆ ದಪ್ಪ ಆಗುತ್ತದೆ. ಈ ಹುಳುವಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಚಿಪ್ಪಿನ ಪುಡಿ ಬೇಡ ಅನ್ನುವವರಿದ್ದಾರೆ. ಮೊಟ್ಟೆ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಕ್ಯಾಲ್ಸಿಯಂ ಬೇಕು. ಇಷ್ಟು ಹುಳುವಿನಿಂದ ಸಿಗುವುದು ಕಾಲು ಗ್ರಾಂ ಕೂಡ ಇಲ್ಲ. ಚಿಪ್ಪಿನ ಪುಡಿ ಇರಲೇಬೇಕು.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಸತ್ತ ಪ್ರಾಣಿಯ ಮೇಲೆ ಬೆಳೆದ ಹುಳು ಕೋಳಿಯ ಬಾಯಿಗೆ ಬೀಳಬಾರದು. ಕೊಳೆತ ಹೆಣದಲ್ಲಿ ಬಾಟುಲಿಸಂ ಅನ್ನುವ ಪಾರ್ಶ್ವವಾಯು ರೋಗ ತರುವ ವಿಷ ಹುಟ್ಟುತ್ತದೆ. ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ, ಮೈಯಲ್ಲಿ ತುಂಬಿಕೊಳ್ಳುತ್ತದೆ. ಕೆಲವೇ ಹುಳು ತಿಂದ ಕೋಳಿಯ ಕತ್ತು ಜೋಲುತ್ತದೆ, ಕಾಲು ರೆಕ್ಕೆಯ ಶಕ್ತಿ ಹೋಗುತ್ತದೆ, ಆಮೇಲೆ ಸಾಯುತ್ತದೆ. ಹಾಗಾಗಿ ಶೆಡ್ಡಿನಲ್ಲಿ ಸತ್ತ ಕೋಳಿ, ಇಲಿ ಕಂಡರೆ ಅವತ್ತೇ ತೆಗೆಯುತ್ತೇನೆ.

ಮರಿಗಳಿಗೂ ಹಾಕುತ್ತೇನೆ, ಆದರೆ ಅಕ್ಕಿ ಕಾಳಿನಷ್ಟು ಗಾತ್ರದ ಎಳೆ ಹುಳು ಮಾತ್ರ, ತಿಂದದ್ದು ಹೊಟ್ಟೆಯಲ್ಲಿ ಅರೆಯಲಿ ಅಂತ ಜೊತೆಗೆ ಒಂದಿಷ್ಟು ಸಣ್ಣ ಮರಳು.