ಸರೋವರದ ದಂಡೆಯ ಕೂಟದಲ್ಲಿ ಸೌನಾ ಕಾಯಿಸುವವರಿಗೆ

ಅಮೆರಿಕದ ಮಿಷಿಗನ್, ಮಿನ್ನೆಸೋಟ ಕಡೆಯ ಫಿನ್ಲೆಂಡ್ ಮೂಲದ ಕುಟುಂಬಗಳು ವರ್ಷಕ್ಕೊಮ್ಮೆ ಸರೋವರದ ದಂಡೆಯಲ್ಲಿ ಸೇರಿದಾಗ ಅಡುಗೆ ಹೇಗೋ ಆಗುತ್ತದೆ, ಎಡವಟ್ಟಾಗುವುದು ಸೌನಾದಲ್ಲಿ, ಅಂದರೆ ಒಲೆಯ ಮೇಲೆ ಕಾದ ಕಲ್ಲಿಗೆ ನೀರು ಹಾಕಿ, ಮೇಲೆ ಕೆಳಗೆ ಜೋಡಿಸಿದ ಹಲಗೆಗಳ ಮೇಲೆ ಕೂತು ಬೆವರುವ ಬಿಸಿ ಕೋಣೆಯಲ್ಲಿ. 30 ಜನ ಇದ್ದರೆ ಆರಾರು ಜನರ ತಂಡ ಮಾಡಿ, ತಂಡಕ್ಕೆ ಅರ್ಧ ಗಂಟೆ ಇಡಿ. ಒಳಗೆ ಕೂರುವುದು 10–15 ನಿಮಿಷ. ಉಳಿದ ಹೊತ್ತು ಕಲ್ಲು ಮತ್ತೆ ಕಾಯಲು ಬೇಕು.

ಸೌದೆ ಒಲೆಯಾದರೆ ಎರಡು ಗಂಟೆ ಮೊದಲೇ ಹಚ್ಚಿ. ಬರ್ಚ್ ಸೌದೆ ಸೀಳಿ ವರ್ಷವಾದರೂ ಒಣಗಿರಬೇಕು. ಹಸಿಯಿದ್ದರೆ ಬರೀ ಹೊಗೆ, ಮೇಲೆ ಹೊಗೆಕೊಳವೆಯೊಳಗೆ ಡಾಂಬರಿನಂಥ ಜಿಡ್ಡು ಕಟ್ಟಿ ಬೆಂಕಿ ಹತ್ತುವ ಭಯ. ಮೇಲಿನ ಹಲಗೆಯ ಹತ್ತಿರ 80 ಡಿಗ್ರಿ ಸೆಲ್ಸಿಯಸ್ ಧಾರಾಳವಾಯಿತು. ಕಲ್ಲಿನ ಮೇಲೆ ಸಲಕ್ಕೆ ಒಂದೇ ಸೌಟು ನೀರು. ಬಕೆಟ್ಟೇ ಸುರಿದರೆ ಕಲ್ಲು ತಣ್ಣಗಾಗಿ ನೆಲ ಒದ್ದೆಯಾಗುತ್ತದೆ, ಅಷ್ಟೆ. (ಬಿಸಿ ತಡೆಯುವ ಪಂದ್ಯ ಕಟ್ಟುವ ಮಾವಂದಿರ ಕೈಗೆ ಸೌಟು ಕೊಡಬೇಡಿ.) ಒಡೆದ ಕಲ್ಲಿನ ಜಾಗಕ್ಕೆ ದಂಡೆಯಲ್ಲಿ ಸಿಕ್ಕಿದ್ದನ್ನು ಹಾಕಲೇಬೇಡಿ: ಒಳಗಿನ ತೇವ ಆವಿಯಾಗಿ ಕಲ್ಲು ಸಿಡಿಯಬಹುದು.

ಮಕ್ಕಳು ಕೆಳಗಿನ ಹಲಗೆಯಲ್ಲಿ, ಸ್ವಲ್ಪವೇ ಹೊತ್ತು. ಬಿಯರ್ ಕುಡಿಯುವುದು ಸೌನಾ ಪೂರ್ತಿ ಮುಗಿದ ಮೇಲೆ. ಸೌನಾದಿಂದ ಬಂದು ಸರೋವರದ ನೀರಿಗಿಳಿಯುವ ಕಟ್ಟೆಯ ತುದಿಗೆ ದೀಪವಿರಲಿ, ಕುಡಿಯದವರೊಬ್ಬರು ಅಲ್ಲೇ ಕಾವಲಿರಲಿ. ಬೂದಿಯನ್ನು ಮರುದಿನ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ತುಂಬಿ, ಪ್ಲಾಸ್ಟಿಕ್ ಚೀಲಕ್ಕಲ್ಲ.