ಅಂಕಿ ಬೀಗದ ನಂಬರ್ ಬದಲಾಯಿಸುವುದು ಹೇಗೆ, ಆಗ ಒಳಗೆ ನಡೆಯುವುದೇನು?

ಹೊಸ ಸೂಟ್‌ಕೇಸ್ ಸಾಮಾನ್ಯವಾಗಿ 000ಕ್ಕೆ ತೆರೆದುಕೊಳ್ಳುತ್ತದೆ. ತಿಜೋರಿಗೆ ಹಾಕುವ ಡಯಲ್ ಬೀಗಗಳಲ್ಲಿ ಅನೇಕವು ಕಾರ್ಖಾನೆಯಿಂದ 50ಕ್ಕೆ ಹೊಂದಿಸಿಕೊಂಡು ಬರುತ್ತವೆ. ಎರಡರಲ್ಲೂ ಆ ನಂಬರ್ ತೆಗೆದು ನಿಮ್ಮದನ್ನು ಕೂರಿಸಲು ಐದು ನಿಮಿಷ ಸಾಕು, ಬೀಗ ಬಿಚ್ಚಬೇಕಾಗಿಯೂ ಇಲ್ಲ. ಆದರೂ ಈ ಐದು ನಿಮಿಷದಲ್ಲಿ ಎಡವಟ್ಟು ಮಾಡಿಕೊಂಡು ಬೀಗ ರಿಪೇರಿಯವರನ್ನು ಕರೆಸುವವರಿಗೆ ಕೊರತೆಯಿಲ್ಲ. ಬೀಗದ ಜೊತೆ ಬರುವ ಚೀಟಿ 'ಇದನ್ನು ಒತ್ತಿ, ಅದನ್ನು ತಿರುಗಿಸಿ' ಎನ್ನುತ್ತದೆಯೇ ಹೊರತು, ಆ ಹೊತ್ತಿನಲ್ಲಿ ಒಳಗೆ ಯಾವ ಭಾಗ ಸಡಿಲವಾಗಿದೆ ಎಂದು ಹೇಳುವುದಿಲ್ಲ. ಅದು ಗೊತ್ತಿದ್ದರೆ ಹಂತಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ನಂಬರ್ ಬದಲಾಯಿಸಬಹುದಾದ ಬೀಗದಲ್ಲಿ ಪ್ರತಿಯೊಂದು ಚಕ್ರವೂ ಎರಡು ತುಂಡು. ಒಂದು ತುಂಡು ಅಂಕಿಗೆ ಸಂಬಂಧಿಸಿದ್ದು, ಇನ್ನೊಂದರಲ್ಲಿ ಕಚ್ಚು, ಅಂದರೆ ಕೊರೆದ ಸಣ್ಣ ಸಂದು, ಇರುತ್ತದೆ. ಕಚ್ಚುಗಳೆಲ್ಲ ಒಂದೇ ಸಾಲಿಗೆ ಬಂದಾಗ ಬೀಗ ತೆರೆಯುತ್ತದೆ. ಮಾಮೂಲಿ ದಿನಗಳಲ್ಲಿ ಎರಡೂ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ಒಟ್ಟಿಗೇ ತಿರುಗುತ್ತವೆ. ನಂಬರ್ ಬದಲಾಯಿಸುವುದೆಂದರೆ ಆ ಬೆಸುಗೆಯನ್ನು ಒಂದು ಕ್ಷಣ ಬಿಡಿಸಿ, ಕಚ್ಚಿನ ತುಂಡನ್ನು ಇದ್ದಲ್ಲೇ ಹಿಡಿದು, ಅಂಕಿಯ ತುಂಡನ್ನು ಬೇರೆ ಜಾಗಕ್ಕೆ ತಿರುಗಿಸಿ, ಮತ್ತೆ ಕಚ್ಚಿಸುವುದು. ಮುಂದೆ ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ಈ ಬೆಸುಗೆ ಬಿಡಬಾರದ ಹೊತ್ತಿನಲ್ಲಿ ಬಿಟ್ಟುದರಿಂದ, ಇಲ್ಲವೇ ಕಚ್ಚಬೇಕಾದಾಗ ಅರ್ಧ ಮಾತ್ರ ಕಚ್ಚಿದ್ದರಿಂದ ಆಗುವಂಥವು.

ಸೂಟ್‌ಕೇಸ್ ಮತ್ತು ಪ್ಯಾಡ್‌ಲಾಕ್

ಇವುಗಳ ವಿಷಯ ಬೇಗ ಮುಗಿಯುತ್ತದೆ. ಹೊರಗೆ ಕಾಣುವ ಅಂಕಿಯ ಬಳೆ, ಅದರೊಳಗೆ ಕಚ್ಚು ಇರುವ ಸಣ್ಣ ಕೊಳವೆ, ಇವೆರಡನ್ನು ಕೂಡಿಸುವ ಹಲ್ಲುಗಳು. ಪ್ಯಾಡ್‌ಲಾಕ್‌ನಲ್ಲಿ ಕೊಂಡಿಯ ಉದ್ದನೆಯ ಕಾಲು ಈ ಕೊಳವೆಗಳ ನಡುವೆ ಹಾದುಹೋಗುತ್ತದೆ. ಕಾಲಿನ ಮೇಲಿರುವ ಮೊಟಕು ಗುಬುಟುಗಳು ಕಚ್ಚುಗಳೊಳಗೆ ತೂರಿದರೆ ಮಾತ್ರ ಕೊಂಡಿ ಮೇಲೇಳುತ್ತದೆ.

ಬದಲಾಯಿಸಲು ಮೊದಲು ಹಳೆಯ ನಂಬರಿಗೆ ಬೀಗ ತೆರೆಯಿರಿ. ಕೊಂಡಿಯನ್ನು 90 ಅಥವಾ 180 ಡಿಗ್ರಿ ತಿರುಗಿಸಿ (ಬೀಗದಿಂದ ಬೀಗಕ್ಕೆ ಬೇರೆ) ಕೆಳಗೆ ಒತ್ತಿ ಹಿಡಿಯಿರಿ. ಈಗ ಕೊಳವೆಗಳು ಬಳೆಗಳ ಹಲ್ಲಿನಿಂದ ಜಾರಿ ಹೊರಬಂದಿವೆ, ಬಳೆಗಳಷ್ಟೇ ತಿರುಗುತ್ತವೆ. ಹೊಸ ಅಂಕಿಗಳನ್ನು ಗುರುತಿನ ಗೆರೆಗೆ ಸರಿಯಾಗಿ ತಂದು, ಒತ್ತಡ ಬಿಟ್ಟು, ಕೊಂಡಿಯನ್ನು ಮೊದಲಿನ ಜಾಗಕ್ಕೆ ತಿರುಗಿಸಿ. ಸೂಟ್‌ಕೇಸ್‌ನಲ್ಲಿ ಕೊಂಡಿಯ ಬದಲು ಒಂದು ಪುಟ್ಟ ಗುಂಡಿಯೋ ಲಿವರೋ ಇರುತ್ತದೆ, ಕೆಲಸ ಅದೇ.

ಅಂಕಿ ಎರಡು ಗೆರೆಗಳ ನಡುವೆ ನಿಂತಿರುವಾಗ ಒತ್ತಡ ಬಿಟ್ಟರೆ ಹಲ್ಲು ಹಲ್ಲಿನ ನೆತ್ತಿಯ ಮೇಲೆ ಕೂರುತ್ತದೆ. ಆಮೇಲೆ ಬಳೆ ಪಕ್ಕದ ಅಂಕಿಗೆ ಜಾರಿ ಕಚ್ಚಿಕೊಂಡರೆ ನೀವಿಟ್ಟ 4 ಒಳಗೆ 5 ಆಗಿರುತ್ತದೆ. ಆದ್ದರಿಂದ ಬೀಗ ತೆರೆಯದಿದ್ದರೆ ಮೊದಲು ಪ್ರತಿ ಅಂಕಿಯ ಹಿಂದು-ಮುಂದಿನದನ್ನು ಪ್ರಯತ್ನಿಸಿ. ಸೂಟ್‌ಕೇಸ್‌ನ ಒಳಗಿನ ರೀಸೆಟ್ ಲಿವರ್‌ಗೆ ಬಟ್ಟೆ ಸಿಕ್ಕಿ, ನಿಮಗೆ ತಿಳಿಯದೆಯೇ ಬೆಸುಗೆ ಬಿಟ್ಟುಹೋಗುವುದೂ ಉಂಟು. ಆಗ ಬಳೆ ಆಡಿಸಿದ್ದೆಲ್ಲ ಹೊಸ ನಂಬರೇ. ಮೂರು ಬಳೆಯ ಬೀಗಕ್ಕೆ ಇರುವುದು 1000 ನಂಬರ್, ಒಂದಕ್ಕೆ 2 ಸೆಕೆಂಡ್ ಹಿಡಿದರೂ ಅರ್ಧ ಗಂಟೆ ದಾಟುವಷ್ಟರಲ್ಲಿ ಎಲ್ಲವೂ ಮುಗಿಯುತ್ತವೆ. ಇದನ್ನು ಸಮಾಧಾನ ಎಂದೂ ತಿಳಿಯಬಹುದು, ಎಚ್ಚರಿಕೆ ಎಂದೂ ತಿಳಿಯಬಹುದು.

ತಿಜೋರಿಯ ಡಯಲ್ ಬೀಗ

ಒಡವೆ ಅಂಗಡಿ, ಬ್ಯಾಂಕು, ಕಚೇರಿಗಳ ತಿಜೋರಿಯಲ್ಲಿ ಕಾಣುವ ಡಯಲ್ ಬೀಗದ್ದು ಬೇರೆಯೇ ಲೋಕ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಮೂರು ಬಿಲ್ಲೆಯ (ಮೇಲೆ ಹೇಳಿದ ಚಕ್ರಗಳೇ ಇಲ್ಲಿ ಬಿಲ್ಲೆಗಳು), ಬದಲಾವಣೆ ಕೀಲಿಯಿಂದ ನಂಬರ್ ಬದಲಾಗುವ ಬಗೆ. ಅಮೆರಿಕದ ಸಾರ್ಜೆಂಟ್ ಅಂಡ್ ಗ್ರೀನ್‌ಲೀಫ್ ಕಂಪನಿಯ 6730 ಈ ಜಾತಿಯ ಪ್ರಸಿದ್ಧ ಮಾದರಿ.

ಡಯಲ್ ಮೇಲೆ 0ಯಿಂದ 99ರವರೆಗೆ 100 ಗೆರೆ. ಡಯಲ್‌ನ ಹಿಂದಿನ ಸ್ಪಿಂಡಲ್ ಎಂಬ ಸರಳು ಬಾಗಿಲನ್ನು ಹಾದು ಬೀಗದೊಳಗೆ ಹೋಗಿ ಕ್ಯಾಮ್ ಎಂಬ ತಟ್ಟೆಯಲ್ಲಿ ಕೊನೆಯಾಗುತ್ತದೆ. ಸ್ಪಿಂಡಲ್‌ಗೆ ನೇರವಾಗಿ ಅಂಟಿಕೊಂಡಿರುವುದು ಈ ಕ್ಯಾಮ್ ಒಂದೇ. ಮೂರು ಬಿಲ್ಲೆಗಳು ತಮ್ಮಷ್ಟಕ್ಕೆ ಸಡಿಲವಾಗಿ ಕೂತಿರುತ್ತವೆ. ಕ್ಯಾಮ್‌ನ ಮೇಲಿನ ಮೊಳೆ ಒಂದು ಸುತ್ತು ತಿರುಗಿ ಪಕ್ಕದ ಮೂರನೇ ಬಿಲ್ಲೆಯನ್ನು ತಟ್ಟುತ್ತದೆ, ಅದು ಇನ್ನೊಂದು ಸುತ್ತಿನಲ್ಲಿ ಎರಡನೆಯದನ್ನು, ಅದು ಮತ್ತೊಂದು ಸುತ್ತಿನಲ್ಲಿ ಒಂದನೆಯದನ್ನು. ಎಂಜಿನ್ ಎಳೆದಾಗ ರೈಲಿನ ಬೋಗಿಗಳು ಕಟಕಟನೆ ಒಂದರ ಹಿಂದೊಂದು ಹೊರಡುವ ಹಾಗೆ.

ಎಡಕ್ಕೆ ನಾಲ್ಕು, ಬಲಕ್ಕೆ ಮೂರು, ಎಡಕ್ಕೆ ಎರಡು ಎಂಬ ಲೆಕ್ಕ ಬಂದಿರುವುದು ಇಲ್ಲಿಂದಲೇ. ಎಡಕ್ಕೆ ಎಂದರೆ ಗಡಿಯಾರದ ಮುಳ್ಳಿಗೆ ವಿರುದ್ಧ. ಮೊದಲ ಮೂರು ಸುತ್ತು ಮೂರೂ ಬಿಲ್ಲೆಗಳನ್ನು ಕೂಡಿಸಿಕೊಳ್ಳಲು, ನಾಲ್ಕನೆಯದು ಒಂದನೇ ಬಿಲ್ಲೆಯನ್ನು ಜಾಗಕ್ಕೆ ತರಲು. ದಿಕ್ಕು ಬದಲಿಸಿದಾಗ ಒಂದನೇ ಬಿಲ್ಲೆ ಅಲ್ಲೇ ನಿಲ್ಲುತ್ತದೆ. ಎರಡು ಸುತ್ತು ಉಳಿದವನ್ನು ಹಿಡಿಯಲು, ಮೂರನೆಯದು ಎರಡನೇ ಬಿಲ್ಲೆಯನ್ನು ಕೂರಿಸಲು. ಮತ್ತೆ ಎಡಕ್ಕೆ ತಿರುಗಿದಾಗ ಒಂದು ಸುತ್ತು ಹಿಡಿಯಲು, ಇನ್ನೊಂದು ಕೂರಿಸಲು. 'ನಾಲ್ಕು ಸಲ' ಅಂದರೆ ಆ ಅಂಕಿ ಗುರುತಿನಡಿ ನಾಲ್ಕನೇ ಸಲ ಬಂದಾಗ ನಿಲ್ಲಿಸುವುದು ಎಂದರ್ಥ, ನಾಲ್ಕು ಪೂರ್ತಿ ಸುತ್ತಲ್ಲ. ಅಂಕಿ ದಾಟಿಹೋದರೆ ಹಿಂದಕ್ಕೆ ತಂದು ಪ್ರಯೋಜನವಿಲ್ಲ. ಡಯಲ್ ಹಿಂದೆ ಬರುತ್ತದೆ, ಬಿಲ್ಲೆ ದಾಟಿದಲ್ಲೇ ಉಳಿಯುತ್ತದೆ. ಮೊದಲಿನಿಂದ ಶುರು ಮಾಡಲೇಬೇಕು.

ಬಿಲ್ಲೆಯ ಮೇಲಿನ ತಟ್ಟುವ ತುಂಡು ಅಲ್ಲಾಡದೆ ನಿಂತಿದ್ದರೆ ಅದರ ದಪ್ಪದಷ್ಟು ಜಾಗ ವ್ಯರ್ಥವಾಗಿ, ಎಡದಿಂದ ಬಂದಾಗ ಒಂದು ಅಂಕಿ, ಬಲದಿಂದ ಬಂದಾಗ ಇನ್ನೊಂದು ಅಂಕಿ ತೋರಿಸುತ್ತಿತ್ತು. ಅದಕ್ಕೇ ಆ ತುಂಡನ್ನು ಫ್ಲೈ ಎಂಬ ಆಡುವ ನಾಲಿಗೆಯಾಗಿ ಮಾಡಿದ್ದಾರೆ. ಯಾವ ದಿಕ್ಕಿನಿಂದ ತಟ್ಟಿದರೂ ಅಷ್ಟು ಸರಿದುಕೊಟ್ಟು ಲೆಕ್ಕ ಸರಿಯಾಗಿಸುತ್ತದೆ. ಇಡೀ ಬೀಗದಲ್ಲಿ ನನಗೆ ಅತ್ಯಂತ ಜಾಣತನದ ಭಾಗ ಅನ್ನಿಸುವುದು ಇದೇ, ಯಾರೂ ಹೊಗಳುವುದಿಲ್ಲ ಅಷ್ಟೇ. ಬಿಲ್ಲೆಗಳ ನಡುವೆ ತಿರುಗದ ತೆಳು ವಾಷರ್‌ಗಳಿರುತ್ತವೆ. ಇಲ್ಲದಿದ್ದರೆ ಒಂದು ಬಿಲ್ಲೆಯ ಉಜ್ಜಾಟಕ್ಕೆ ಪಕ್ಕದ್ದೂ ಎಳೆದುಕೊಂಡು ಹೋಗುತ್ತಿತ್ತು.

ಮೂರೂ ಕಚ್ಚುಗಳು ಸಾಲಾಗಿ ನಿಂತ ಮೇಲೆ ಡಯಲನ್ನು ಬಲಕ್ಕೆ ತಿರುಗಿಸಿದಾಗ ಲಿವರ್‌ನ ಮೂಗು ಕ್ಯಾಮ್‌ನ ಹಳ್ಳಕ್ಕೆ ಬೀಳುತ್ತದೆ, ಲಿವರ್‌ನ ಅಡ್ಡಪಟ್ಟಿ ಕಚ್ಚುಗಳೊಳಗೆ ಇಳಿಯುತ್ತದೆ. ಇನ್ನಷ್ಟು ತಿರುಗಿಸಿದರೆ ಕ್ಯಾಮ್ ಲಿವರನ್ನೂ ಅದರ ಜೊತೆ ಬೋಲ್ಟ್ ಎಂಬ ಬೀಗದ ಅಗಳಿಯನ್ನೂ ಎಳೆದುಕೊಳ್ಳುತ್ತದೆ.

ನಂಬರ್ ಆರಿಸುವಾಗ

ಮೂರು ಬಿಲ್ಲೆ, ತಲಾ 100 ಅಂಕಿ, ಹಾಗಾಗಿ 10 ಲಕ್ಷ ನಂಬರ್ ಎಂದು ಜಾಹೀರಾತು ಹೇಳುತ್ತದೆ. ಕಚ್ಚಿಗೆ ಅಗಲ ಇರುವುದರಿಂದ ಅಂಕಿಯ ಆಚೀಚೆ ಒಂದು-ಒಂದೂಕಾಲು ಗೆರೆ ತಪ್ಪಿದರೂ ಈ ದರ್ಜೆಯ ಬೀಗ ತೆರೆಯುತ್ತದೆ. ಎರಡೂ ಕಡೆ ಒಂದೂಕಾಲು ಎಂದರೆ ಎರಡೂವರೆ ಗೆರೆಗೊಂದು ಜಾಗ. ಪ್ರತಿ ಬಿಲ್ಲೆಗೆ 40, ಒಟ್ಟು 64,000. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಣುಬಾಂಬ್ ಪ್ರಯೋಗಾಲಯವಾದ ಲಾಸ್ ಅಲಾಮೋಸ್‌ನಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅಲ್ಲಿನ ಕಡತ ಪೆಟ್ಟಿಗೆಗಳ ಬೀಗ ಎರಡು ಗೆರೆ ಆಚೀಚೆಯಾದರೂ ತೆರೆಯುತ್ತದೆಂದು ಕಂಡುಕೊಂಡು ಲೆಕ್ಕವನ್ನು 8000ಕ್ಕೆ ಇಳಿಸಿದ್ದರು. ಬಾಗಿಲು ತೆರೆದಿದ್ದ ಬೀಗದ ಡಯಲನ್ನು ಮೆಲ್ಲಗೆ ಆಡಿಸಿ ಕೊನೆಯ ಎರಡು ಅಂಕಿಯನ್ನು ಎತ್ತಿಕೊಳ್ಳುವುದನ್ನೂ ಕಲಿತಿದ್ದರು. ಕೆಲವರು ಕಾರ್ಖಾನೆಯ 25-0-25, 50-25-50 ಎಂಬ ನಂಬರನ್ನು ಬದಲಾಯಿಸಿಯೇ ಇರಲಿಲ್ಲ.

ಹೀಗಾಗಿ ಹುಟ್ಟಿದ ದಿನ ಬೇಡ, ಮೂರೂ ಅಂಕಿ 5ರಲ್ಲೋ 0ಯಲ್ಲೋ ಮುಗಿಯುವುದು ಬೇಡ, ಒಂದರ ಪಕ್ಕ ಒಂದು ಅಂಟಿಕೊಂಡ ಅಂಕಿಗಳು ಬೇಡ. ಇವೆಲ್ಲ ಸಲಹೆ. ನಿಯಮ ಎನ್ನಬೇಕಾದ್ದು ಒಂದೇ: ಮೂರನೇ ಅಂಕಿ 0ಯಿಂದ 20ರೊಳಗೆ ಇರಕೂಡದು. ಕ್ಯಾಮ್‌ನ ಹಳ್ಳ ಲಿವರ್‌ನ ಮೂಗಿಗೆ ಸಿಗುವ ಜಾಗ ಆ ಭಾಗದಲ್ಲೇ ಇದೆ. ಮೂರನೇ ಬಿಲ್ಲೆಯನ್ನು ಬಿಟ್ಟು ಬಲಕ್ಕೆ ಹೊರಟ ಕ್ಯಾಮ್‌ಗೆ ಅದನ್ನು ಮತ್ತೆ ತಟ್ಟದೆ ತಿರುಗಲು ಇರುವುದು ಹೆಚ್ಚುಕಡಿಮೆ ಒಂದೇ ಸುತ್ತು. ಅಷ್ಟರೊಳಗೆ ಮೂಗು ಬಿದ್ದು ಬೋಲ್ಟ್ ಪೂರ್ತಿ ಸರಿಯಬೇಕು. ಅಂಕಿ ಆ ಭಾಗದಲ್ಲೇ ಇದ್ದರೆ ಬೋಲ್ಟ್ ಸರಿಯುವ ಮುನ್ನ ಬಿಲ್ಲೆ ಅಲುಗಿಬಿಡಬಹುದು.

ಬದಲಾಯಿಸುವ ಹಂತಗಳು

ಡಯಲ್ ಸುತ್ತಲಿನ ಉಂಗುರದಲ್ಲಿ ಎರಡು ಗುರುತುಗಳಿವೆ. ನೆತ್ತಿಯ ಮೇಲಿನದು ತೆರೆಯುವ ಗುರುತು. ಅದರ ಎಡಕ್ಕಿರುವ ಸಣ್ಣದು ಬದಲಾವಣೆ ಗುರುತು. ಹಳೆಯ ನಂಬರನ್ನು ಈ ಎರಡನೇ ಗುರುತಿಗೆ ತಿರುಗಿಸಿದರೆ ಬಿಲ್ಲೆಗಳು ಅಡ್ಡಪಟ್ಟಿಯ ಕೆಳಗೆ ನಿಲ್ಲುವ ಬದಲು, ಅವುಗಳಲ್ಲಿರುವ ಕೀಲಿ ತೂತುಗಳು ಹಿಂದಿನ ಮುಚ್ಚಳದ ತೂತಿಗೆ ನೇರವಾಗಿ ನಿಲ್ಲುತ್ತವೆ.

1. ಬಾಗಿಲು ತೆರೆದಿರಲಿ, ಕೆಲಸ ಮುಗಿಯುವವರೆಗೂ ಮುಚ್ಚುವಂತಿಲ್ಲ. ಬಾಗಿಲು ತಾನಾಗಿ ಸರಿಯುವಂತಿದ್ದರೆ ಅಡ್ಡ ಏನಾದರೂ ಇಡಿ.

2. ಬದಲಾವಣೆ ಗುರುತಿಗೆ ಹಳೆಯ ನಂಬರ್ ತಿರುಗಿಸಿ: ಮೊದಲ ಅಂಕಿಗೆ ಎಡಕ್ಕೆ 4 ಸಲ, ಎರಡನೆಯದಕ್ಕೆ ಬಲಕ್ಕೆ 3 ಸಲ, ಮೂರನೆಯದಕ್ಕೆ ಎಡಕ್ಕೆ 2 ಸಲ. ಡಯಲನ್ನು ಅಲ್ಲೇ ಹಿಡಿಯಿರಿ. ಕಾರ್ಖಾನೆಯ 50 ಇನ್ನೂ ಇದ್ದರೆ ಎಡಕ್ಕೆ 4 ಸಲ 50 ಬಂದರೆ ಸಾಕು, ಮೂರೂ ಬಿಲ್ಲೆ ಅಲ್ಲೇ ಇರುತ್ತವೆ.

3. ಆ ಬೀಗದ ಕಂಪನಿಯದ್ದೇ ಬದಲಾವಣೆ ಕೀಲಿಯನ್ನು ಹಿಂದಿನ ತೂತಿಗೆ ಹಾಕಿ, ಕೀಲಿಯ ರೆಕ್ಕೆ ಮುಚ್ಚಳಕ್ಕೆ ತಾಗುವವರೆಗೆ ಒಳಗೆ ತಳ್ಳಿ. ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಒತ್ತಾಯ ಬೇಡ, ಬಿಲ್ಲೆ ಸಾಲಾಗಿಲ್ಲ ಎಂದರ್ಥ. ಎರಡನೇ ಹಂತಕ್ಕೆ ಮರಳಿ.

4. ಕೀಲಿಯನ್ನು ಕಾಲು ಸುತ್ತು ತಿರುಗಿಸಿ. ದಿಕ್ಕು ಯಾವುದೆಂದು ಕಂಪನಿಯ ಚೀಟಿ ನೋಡಿ. ಈಗ ಪ್ರತಿ ಬಿಲ್ಲೆಯ ಹೊರಬಳೆ (ಕಚ್ಚಿನ ತುಂಡು) ಒಳಗುಂಬದಿಂದ (ಅಂಕಿಯ ತುಂಡು) ಬಿಟ್ಟುಕೊಂಡಿದೆ. ಹೊರಬಳೆಗಳನ್ನು ಕೀಲಿ ಹಿಡಿದಿದೆ, ಡಯಲ್ ತಿರುಗಿಸಿದರೆ ಒಳಗುಂಬಗಳಷ್ಟೇ ತಿರುಗುತ್ತವೆ.

5. ಹೊಸ ನಂಬರನ್ನು ಇದೇ ಬದಲಾವಣೆ ಗುರುತಿಗೆ 4-3-2 ಲೆಕ್ಕದಲ್ಲಿ ತಿರುಗಿಸಿ. ಅಂಕಿ ದಾಟಿದರೆ ಕೀಲಿ ಮುಟ್ಟದೆ ಮೊದಲ ಅಂಕಿಯಿಂದ ಮತ್ತೆ ಆರಂಭಿಸಿ, ಏನೂ ಕೆಡುವುದಿಲ್ಲ. ತಿರುಗಿಸುವ ಮುನ್ನವೇ ನಂಬರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

6. ಕೊನೆಯ ಅಂಕಿಯಲ್ಲಿ ಡಯಲ್ ಅಲುಗದಂತೆ ಹಿಡಿದು ಕೀಲಿಯನ್ನು ಮೊದಲಿನ ಸ್ಥಿತಿಗೆ ತಿರುಗಿಸಿ, ಆಮೇಲೆ ತೆಗೆಯಿರಿ. ಪೂರ್ತಿ ತಿರುಗಿಸದೆ ಎಳೆದರೆ ಯಾವುದೋ ಬಿಲ್ಲೆಯ ಬೆಸುಗೆ ಬಿಟ್ಟೇ ಉಳಿದು, ಅದರ ಕಚ್ಚು ತೋಚಿದಲ್ಲಿ ಅಲೆಯುತ್ತದೆ. ಈ ಕೆಲಸದಲ್ಲಿ ಆಗಬಹುದಾದ ಅತಿ ಕೆಟ್ಟ ತಪ್ಪು ಇದು.

7. ಬಾಗಿಲು ತೆರೆದೇ ಇರುವಾಗ, ತೆರೆಯುವ ಗುರುತಿಗೆ ಹೊಸ ನಂಬರ್ ತಿರುಗಿಸಿ ಕನಿಷ್ಠ ಮೂರು ಸಲ ಬೋಲ್ಟ್ ಹೊರಗೆ-ಒಳಗೆ ಮಾಡಿ ನೋಡಿ. ಮೂರರಲ್ಲಿ ಎರಡು ಸಲ ತೆರೆದರೆ ಅದು ಪಾಸಲ್ಲ. ಒಂದು ಅಂಕಿ ಕಚ್ಚಿನ ಅಂಚಿನಲ್ಲಿ ನಿಂತಿದೆ. ಮತ್ತೆ ಬದಲಾಯಿಸಿ.

ತೆರೆಯದಿದ್ದರೆ

ಸಾಮಾನ್ಯ ಕಾರಣ ಗುರುತು ಅದಲುಬದಲಾಗಿರುವುದು. ಐದನೇ ಹಂತದಲ್ಲಿ ಅಭ್ಯಾಸಬಲದಿಂದ ನೆತ್ತಿಯ ಗುರುತಿಗೆ ತಿರುಗಿಸಿರುತ್ತಾರೆ. ನಂಬರ್ ಕಳೆದಿಲ್ಲ, ಮೂರೂ ಅಂಕಿ ಒಂದೇ ಅಂತರದಷ್ಟು ಸರಿದಿವೆ. ನೀವು ಬಯಸಿದ ಮೊದಲ ಅಂಕಿಯನ್ನು ತೆರೆಯುವ ಗುರುತಿನಡಿ ತಂದು, ಆಗ ಬದಲಾವಣೆ ಗುರುತಿನಡಿ ಯಾವ ಅಂಕಿ ಇದೆ ಎಂದು ಓದಿಕೊಳ್ಳಿ. ಬೀಗಕ್ಕೆ ಹೋಗಿರುವ ನಿಜವಾದ ಅಂಕಿ ಅದು. ಮೂರಕ್ಕೂ ಹೀಗೆ ಓದಿ, ಆ ಅಂಕಿಗಳನ್ನು ತೆರೆಯುವ ಗುರುತಿಗೆ ತಿರುಗಿಸಿದರೆ ಬೀಗ ತೆರೆಯಬೇಕು.

ಅದೂ ಆಗದಿದ್ದರೆ ಒಂದೊಂದೇ ಅಂಕಿಯನ್ನು ಒಂದು-ಎರಡು ಗೆರೆ ಹೆಚ್ಚು ಕಡಿಮೆ ಮಾಡಿ ನೋಡಿ. ಫಲ ಸಿಗದಿದ್ದರೆ ಬಾಗಿಲು ತೆರೆದಿಟ್ಟೇ ಬೀಗ ಬಲ್ಲವರನ್ನು ಕರೆಸಿ. ಹಿಂದಿನ ಮುಚ್ಚಳವನ್ನು ನೀವೇ ಎಬ್ಬಲು ಹೋಗಬೇಡಿ. ಮುಚ್ಚಳ ಕಿತ್ತರೆ ಬೋಲ್ಟನ್ನು ಹಿಡಿದುಬಿಡುವ ಮರುಬೀಗದ ವ್ಯವಸ್ಥೆ ಇಂಥ ಬೀಗಗಳಲ್ಲಿರುತ್ತದೆ.

ಬಿಗಿಯಾಗಿದೆ ಎಂದು ಎಣ್ಣೆ ಸ್ಪ್ರೇ ಹೊಡೆಯುವುದು ಇನ್ನೊಂದು ಕೆಟ್ಟ ಚಾಳಿ. ಎಣ್ಣೆ ಬಿಲ್ಲೆ-ವಾಷರ್‌ಗಳ ನಡುವೆ ಇಳಿದು, ಧೂಳು ಹಿಡಿದು ಅಂಟಾಗುತ್ತದೆ, ನಿಲ್ಲಬೇಕಾದ ಬಿಲ್ಲೆ ಪಕ್ಕದ್ದರ ಜೊತೆ ತೆವಳುತ್ತದೆ. ಬೀಗ ಬಿಚ್ಚಿ ಒರೆಸಿ, ಕಂಪನಿ ಹೇಳಿದ ಜಾಗಗಳಿಗೆ ಮಾತ್ರ ಚೂರು ಗ್ರೀಸ್ ಹಚ್ಚುವುದು ಮೆಕ್ಯಾನಿಕ್‌ನ ಕೆಲಸ. ನಿಮ್ಮ ಪಾಲಿಗೆ ಉಳಿಯುವುದು ಎರಡು: ಬದಲಾವಣೆ ಕೀಲಿಯನ್ನು ತಿಜೋರಿಯಿಂದ ದೂರ ಬೇರೆ ಕಡೆ ಇಡುವುದು, ಪ್ರತಿ ಸಲ ಬಾಗಿಲು ಹಾಕಿದ ಮೇಲೆ ಡಯಲನ್ನು ಎಡಕ್ಕೆ ಕನಿಷ್ಠ ನಾಲ್ಕು ಸುತ್ತು ತಿರುಗಿಸಿ ಮೂರೂ ಬಿಲ್ಲೆ ಕದಲುವಂತೆ ಮಾಡುವುದು.