ಬೈಪಾಸ್ ಬದಿಯ ಆರು ಎಕರೆ

ಜೀರಿಗೆ ಕಟ್ಟಲು ಹಳೇ ಪೇಪರ್ ಹರಿಯುವಾಗ ಆ ಪ್ರಕಟಣೆ ಕಣ್ಣಿಗೆ ಬಿತ್ತು. ನಮ್ಮೂರಿನ ಹೆಸರು, ಒಂದು ಸರ್ವೇ ನಂಬರ್, 6 ಎಕರೆ, ಕೃಷಿಯಿಂದ ವಾಣಿಜ್ಯಕ್ಕೆ ಭೂ ಉಪಯೋಗ ಬದಲಾವಣೆ. ಆಕ್ಷೇಪಣೆ ಇದ್ದರೆ 15 ದಿನದೊಳಗೆ ಕೊಡಿ ಅಂತ ಕೊನೆಯ ಸಾಲು. ಪೇಪರಿನ ತಾರೀಖು ನೋಡಿದೆ. ಆಗಲೇ ಆರು ದಿನ ಕಳೆದಿದ್ದವು. ಜೀರಿಗೆ ಬೇರೆ ಕಾಗದದಲ್ಲಿ ಕಟ್ಟಿ ಕೊಟ್ಟು, ಆ ಹಾಳೆಯನ್ನು ಮಡಚಿ ದುಡ್ಡಿನ ಗಲ್ಲೆಯಲ್ಲಿ ಇಟ್ಟೆ.

ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನನ್ನದು ಕಿರಾಣಿ ಅಂಗಡಿ. ಅಪ್ಪ ಹಾಕಿದ್ದು, ಈಗ ನಾನು ನಡೆಸುತ್ತೇನೆ. ಬೈಪಾಸ್ ಹತ್ತಿರ ಮಾಲ್ ಬರುತ್ತದಂತೆ ಅನ್ನುವ ಮಾತು ಚಹಾದಂಗಡಿಯಲ್ಲಿ ವರ್ಷದಿಂದ ಇತ್ತು. ಕೆಳಗೆ ಸೂಪರ್ ಮಾರ್ಕೆಟ್, ಮೇಲೆ ಬಟ್ಟೆ, ಅದರ ಮೇಲೆ ಸಿನಿಮಾ, ಸುತ್ತಲೂ ಪ್ಲಾಟು. ಎಲ್ಲರೂ ಮಾತಾಡುತ್ತಿದ್ದರು, ಕಾಗದ ಮಾತ್ರ ಯಾರೂ ನೋಡಿರಲಿಲ್ಲ.

ನಮ್ಮ ಓಣಿಯಲ್ಲಿ ಸರ್ವೇ ಇಲಾಖೆಯಿಂದ ರಿಟೈರ್ ಆದ ಕಾಕಾ ಒಬ್ಬರಿದ್ದಾರೆ. ಅವತ್ತೇ ರಾತ್ರಿ ಅಂಗಡಿ ಮುಚ್ಚಿ ಅವರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದು ಬಿನ್‌ಶೇತ್ಕಿ ಅಲ್ಲೋ ತಮ್ಮಾ. ಅದಕ್ಕಿಂತ ಮೊದಲಿನ ಪಾವಟಿಗಿ," ಅಂದರು. ಹೊಲವನ್ನು ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಮಾಡಿಸಲು 1964ರ ಭೂ ಕಂದಾಯ ಕಾಯ್ದೆಯ ಕಲಂ 95 ಇದೆ. ಆದರೆ ಊರಿನ ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗ ಕೃಷಿಗೆ ಅಂತ ಇದ್ದರೆ, ಅದನ್ನು ಮೊದಲು ಬದಲಾಯಿಸಬೇಕು. ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 14ಎ ಇದೆ. ಪೇಪರಿನಲ್ಲಿ ಪ್ರಕಟಿಸಿ ಜನರಿಗೆ ಕನಿಷ್ಠ 15 ದಿನ ಕೊಡಲೇಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು ಅಂತಲೂ ಅದೇ ಕಲಂ ಹೇಳುತ್ತದೆ.

ಈ ಕೊನೆಯ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ಮರುದಿನ ವ್ಯಾಪಾರಸ್ಥರೆಲ್ಲ ಕೂಡಿದೆವು. ಬಟ್ಟೆ ಅಂಗಡಿಯವರು, ಪಾತ್ರೆ ಮಾರುವ ಬಾಂಡೆ ಅಂಗಡಿಯವರು, ಮೆಡಿಕಲ್ ಅಂಗಡಿಯವರು. ಎಲ್ಲರೂ ಸಿಟ್ಟಿನಲ್ಲಿದ್ದರು. ನಾನೇ ಅರ್ಜಿ ಬರೆದೆ. ನಮ್ಮ ಹೊಟ್ಟೆ ಮೇಲೆ ಹೊಡೆಯಬೇಡಿ, ಮಾಲ್ ಬೇಡ, ಇಷ್ಟೇ ಅದರ ತಿರುಳು. ಕಾಕಾಗೆ ತೋರಿಸಿದೆ. ಓದಿ ಟೇಬಲ್ ಮೇಲೆ ಇಟ್ಟರು.

"ಇದರಾಗ ನಿನ್ನ ಹೊಟ್ಟಿ ಅಷ್ಟ ಐತಿ. ಊರು ಎಲ್ಲೈತಿ?"

ಅವತ್ತು ಆ ಮಾತು ನೋವು ತಂದಿತು. ಆದರೆ ನಿಜ ಅಲ್ವಾ? ನನ್ನ ವ್ಯಾಪಾರ ಕಡಿಮೆಯಾಗುತ್ತದೆ ಅನ್ನುವುದು ನನ್ನ ಕಷ್ಟ. ಅದು ಸುಳ್ಳಲ್ಲ, ನಾಚಿಕೆಯ ಮಾತೂ ಅಲ್ಲ. ಆದರೆ ಆರು ಎಕರೆಯ ಉಪಯೋಗ ಬದಲಾಯಿಸಬಾರದು ಅಂತ ಹೇಳಬೇಕಾದರೆ ಊರಿಗೆ ಏನಾಗುತ್ತದೆ ಅಂತ ತೋರಿಸಬೇಕು. ಅದಕ್ಕೆ ಮೊದಲು ನನಗೇ ಗೊತ್ತಿರಬೇಕು. ಎಂಟು ದಿನ ಉಳಿದಿದ್ದವು.

ಶುರು ಮಾಡಿದ್ದು ಎಣಿಕೆಯಿಂದ. ಒಂದು ನೋಟ್‌ಬುಕ್, ನಾಲ್ಕು ಗೆರೆ: ಎಲ್ಲಿಂದ ಬಂದರು, ಹೇಗೆ ಬಂದರು, ಬೇರೆ ಏನೇನು ಕೆಲಸ ಮುಗಿಸಿದರು, ಯಾವ ಬಸ್ಸಿಗೆ ಹೋಗುತ್ತಾರೆ. ಸೋಮವಾರ ನಮ್ಮೂರ ಸಂತೆ. ಅವತ್ತು ಮುಂಜಾನೆ 10ರಿಂದ 12ರವರೆಗೆ ನನ್ನ ಅಂಗಡಿಗೆ 58 ಜನ ಬಂದರು. ಅವರಲ್ಲಿ 37 ಜನ ಬಸ್ ಇಳಿದು ನಡೆದು ಬಂದವರು. 14 ಜನ ಬೈಕಿನಲ್ಲಿ, 6 ಜನ ಟಂಟಂ ಆಟೋದಲ್ಲಿ. ಕಾರಿನಲ್ಲಿ ಬಂದವರು ಒಬ್ಬರು. ಬಟ್ಟೆ ಅಂಗಡಿಯಲ್ಲೂ ಬಾಂಡೆ ಅಂಗಡಿಯಲ್ಲೂ ಹುಡುಗರನ್ನು ಕೂರಿಸಿ ಬರೆಸಿದೆ. ಅಲ್ಲಿಯೂ ನಡೆದು ಬಂದವರೇ ಜಾಸ್ತಿ.

ಅವತ್ತು ಒಬ್ಬಾಕೆಯನ್ನು ಕೂರಿಸಿ ಪೂರ್ತಿ ಕೇಳಿದೆ. ಒಂಬತ್ತೂವರೆ ಬಸ್ಸಿಗೆ ಎರಡು ಬುಟ್ಟಿ ಮೆಂತ್ಯದ ಪಲ್ಲೆ ತಂದಿದ್ದರು. ಸಂತೆಯಲ್ಲಿ ಕೂತು ಹನ್ನೊಂದರೊಳಗೆ ಮಾರಿದ್ದರು. ಆ ರೊಕ್ಕದಲ್ಲಿ ಮಗಳಿಗೆ ಗುಳೇದಗುಡ್ಡದ ಖಣ ಕೊಂಡು, ಅಲ್ಲೇ ಸಂದಿಯಲ್ಲಿ ಹೊಲಿಯಲು ಕೊಟ್ಟರು. ಕಮ್ಮಾರನ ಹತ್ತಿರ ಕುಡುಗೋಲು ಹಣಿಸಿದರು. ಅತ್ತೆಗೆ ಬಿ.ಪಿ. ಗುಳಿಗೆ ತೆಗೆದುಕೊಂಡರು. ಕೆಟ್ಟ ಮಿಕ್ಸರ್ ರಿಪೇರಿಗೆ ಬಿಟ್ಟರು. ಕೊನೆಗೆ ನನ್ನಲ್ಲಿ ಸಕ್ಕರೆ, ಅರ್ಧ ಕಿಲೋ ತೊಗರಿಬೇಳೆ, ಒಂದು ಎಣ್ಣೆ ಪಾಕೀಟು. 140 ರೂಪಾಯಿ ಉದ್ರಿ ಬರೆಸಿ, ಮುಂದಿನ ಸೋಮವಾರ ಕೊಡುತ್ತೇನೆ ಅಂದರು. ಹನ್ನೆರಡೂ ಮುಕ್ಕಾಲಕ್ಕೆ ಬಸ್ಸು. ಇಷ್ಟೂ ಕೆಲಸ ಅರ್ಧ ಕಿಲೋಮೀಟರ್ ಒಳಗೆ, ಕಾಲ್ನಡಿಗೆಯಲ್ಲಿ.

ಆಕೆ ಮೊದಲು ಮಾರಿದರು, ಆಮೇಲೆ ಕೊಂಡರು. ಮಾಲ್‌ನಲ್ಲಿ ಕೊಳ್ಳಲು ಬರುತ್ತದೆ. ಎರಡು ಬುಟ್ಟಿ ಮೆಂತ್ಯ ಇಟ್ಟುಕೊಂಡು ಕೂರಲು ಅಲ್ಲಿ ಜಾಗ ಎಲ್ಲಿದೆ? ಬಸ್ ಸ್ಟ್ಯಾಂಡಿನಿಂದ ಆ ಹೊಲ ಮೂರೂವರೆ ಕಿಲೋಮೀಟರ್. ಟಂಟಂಗೆ ಹೋಗಿ ಬರಲು 40 ರೂಪಾಯಿ. ನೋಟ್‌ಬುಕ್ಕಿನ ಆ ಪುಟವನ್ನೇ ಅರ್ಜಿಗೆ ಹಚ್ಚಿದೆ. ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸಂತೆಯಲ್ಲಿ ಕೂರುವವರನ್ನು ನಮ್ಮ ವ್ಯಾಪಾರಸ್ಥರ ಸಭೆಗೆ ನಾವು ಕರೆದೇ ಇರಲಿಲ್ಲ. ಅವರೂ ವ್ಯಾಪಾರಸ್ಥರೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಹಕ್ಕು ಕೊಟ್ಟಿದೆ, ಊರಿಗೊಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು ಅಂತ ಹೇಳಿದೆ. ಎರಡನೇ ಸಭೆಗೆ ಅವರನ್ನು ಕರೆದೆವು. ಹನ್ನೆರಡು ಜನ ಬಂದರು. ಮಾತಾಡಿದವರು ಇಬ್ಬರೇ, ಆದರೆ ಎಲ್ಲರೂ ಸಹಿ ಹಾಕಿದರು, ಇಲ್ಲವೇ ಹೆಬ್ಬೆಟ್ಟು ಒತ್ತಿದರು.

ನಂತರ ಹೊಲ ನೋಡಲು ಹೋದೆ. ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಬೈಪಾಸಿನಿಂದ ಇಳಿಜಾರು, ಕೆಳಗೆ ಹಳ್ಳ. ಆ ಹಳ್ಳವೇ ಮುಂದೆ ನಮ್ಮೂರ ತಗ್ಗಿನ ಓಣಿಯ ಪಕ್ಕ ಹಾಯುತ್ತದೆ. ಹೊಲದ ಯಜಮಾನರು ಬೇವಿನ ಗಿಡದ ಕೆಳಗೆ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಕೇಳಿದರು.

"ಹೊಲಾ ಮಾರಬ್ಯಾಡಂತ ಹೇಳಾಕ ಬಂದಿಯೇನು? ಮಗ ಪುಣೆದಾಗ ಅದಾನ. ಕೂಲಿ ಆಳ ಸಿಗಂಗಿಲ್ಲ. ಜ್ವಾಳಕ್ಕ ಏನು ಬೆಲಿ ಬರ್ತೈತಿ, ಅಂಗಡ್ಯಾಗ ಕುಂತಾವ ನಿನಗ ಗೊತ್ತೈತಲ್ಲ?"

ಗೊತ್ತಿತ್ತು. ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಅವರ ಮನೆಗೂ ನಾಲ್ಕು ಜನ ಬಂದು ಹೋಗಿದ್ದರು. ಮಾರಬೇಡಿ ಅನ್ನಲು ನಾನ್ಯಾರು? "ಇಲ್ರೀ ಯಜಮಾನ್ರ, ಅರ್ಜ್ಯಾಗ ಆ ಮಾತು ಬರಂಗಿಲ್ಲ. ನೀರು ಎಲ್ಲಿ ಹೋಗ್ತೈತಿ ಕೇಳಾಕ ಬಂದೇನಿ," ಅಂದೆ.

ಆಮೇಲೆ ಅವರೇ ಎದ್ದು ಹೊಲ ಸುತ್ತಿಸಿದರು. ಅದಕ್ಕೂ ಮೊದಲು ನಾನು ಒಂದು ಲೆಕ್ಕ ಹಾಕಿದ್ದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆರು ಎಕರೆ ಅಂದರೆ ಸುಮಾರು 24,280 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಮಳೆ ಸುರಿದರೆ 12 ಲಕ್ಷ ಲೀಟರ್. ನಮ್ಮೂರಲ್ಲಿ ಓಡಾಡುವ 5,000 ಲೀಟರ್ ಟ್ಯಾಂಕರಿನ ಲೆಕ್ಕದಲ್ಲಿ 240 ಟ್ಯಾಂಕರ್. ಈಗ ಈ ನೀರನ್ನೆಲ್ಲ ಭೂಮಿ ಕುಡಿಯುತ್ತದೆ, ಕಾಂಕ್ರೀಟ್ ಹಾಕಿದರೆ ಎಲ್ಲ ಹಳ್ಳಕ್ಕೆ ಬರುತ್ತದೆ ಅಂತ ಬರೆದುಕೊಂಡಿದ್ದೆ. ಯಜಮಾನರು ಕೇಳಿ ತಲೆ ಅಲ್ಲಾಡಿಸಿದರು.

"ಹಂಗಲ್ಲ ತಮ್ಮಾ. ಮೊದಲಿನ ಮಳಿ ಬಿರುಕಿನಾಗ ಇಳೀತೈತಿ, ಖರೆ. ಹಸ್ತಾ ಚಿತ್ತಾ ಮಳಿ ಹೊತ್ತಿಗೆ ಎರಿ ತುಂಬಿರ್ತೈತಿ. ಆಗ ಕುಡಿಯಂಗಿಲ್ಲ. ಆಗ ನೀರು ತಡ್ಯಾವು ಈ ಒಡ್ಡು."

ಕಾಲಿನಿಂದ ಒಡ್ಡನ್ನು ತಟ್ಟಿ ತೋರಿಸಿದರು. ಮೊಣಕಾಲೆತ್ತರದ ಮಣ್ಣಿನ ಒಡ್ಡು, ಮೇಲೆ ಹುಲ್ಲು. ಅಂಥವು ಆ ಹೊಲದಲ್ಲಿ ಐದು. ನೀರು ಒಂದೊಂದು ಒಡ್ಡಿಗೂ ನಿಂತು, ಮೂಲೆಯ ಕಲ್ಲು ದಾಟಿ, ಕೆಳಗಿನದಕ್ಕೆ ಇಳಿಯುತ್ತದೆ. ಹಳ್ಳ ಮುಟ್ಟಲು ತಡವಾಗುತ್ತದೆ. ಪಾರ್ಕಿಂಗ್ ಮಾಡಲು ನೆಲ ಸಮ ಮಾಡಿದರೆ ಮೊದಲು ಹೋಗುವುದೇ ಒಡ್ಡು. ಮನೆಗೆ ಬಂದು ಆ ಪ್ಯಾರಾ ಹೊಡೆದು ಹಾಕಿ, ಅವರು ಹೇಳಿದಂತೆ ಬರೆದೆ. ನನ್ನ ಮೊದಲಿನ ಮಾತೇ ಉಳಿದಿದ್ದರೆ ಆಕ್ಷೇಪಣೆ ಕೇಳುವ ಸಭೆಯಲ್ಲಿ ಯಾವ ಎಂಜಿನಿಯರ್ ಬೇಕಾದರೂ ಒಂದೇ ನಿಮಿಷದಲ್ಲಿ ಅದನ್ನು ಬೀಳಿಸುತ್ತಿದ್ದ.

ಮಾಸ್ಟರ್ ಪ್ಲಾನ್ ನಕ್ಷೆಯನ್ನೂ ನೋಡಿದೆವು. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೃಷಿಗೆ ಹಸಿರು. ಊರ ಸುತ್ತಲಿನ ಹಳದಿ ಜಾಗವನ್ನು ಕಾಕಾ ಮತ್ತು ನಾನು ಎರಡು ಸಂಜೆ ಸುತ್ತಿದೆವು. ಕಲ್ಲು ನೆಟ್ಟು, ಸುಣ್ಣ ಬಳಿದು ಮಾರಿದ ಪ್ಲಾಟುಗಳಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ಒಳಗೇ ಇಷ್ಟು ಜಾಗ ಖಾಲಿ ಇರುವಾಗ ಹಸಿರಿಗೆ ಯಾಕೆ ಕೈ ಹಾಕಬೇಕು? ಇನ್ನೊಂದು ಸಂಗತಿ ಕಾಕಾ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ಆ ಆರು ಎಕರೆ ಮಾಸ್ಟರ್ ಪ್ಲಾನ್ ಮಾಡುವ ಯೋಜನಾ ಪ್ರಾಧಿಕಾರದ ವ್ಯಾಪ್ತಿಯೊಳಗೆ ಇದೆ, ಆದರೆ ಪುರಸಭೆಯ ಗಡಿಯ ಹೊರಗೆ. ಕರ ಹೋಗುವುದು ಪಕ್ಕದ ಗ್ರಾಮ ಪಂಚಾಯಿತಿಗೆ. ನೀರಿನ ಪೈಪು, ಕಸ, ರಸ್ತೆಯ ಗದ್ದಲ ಬರುವುದು ನಮ್ಮೂರಿಗೆ.

ಸಹಿ ಮಾಡಿಸಲು ಕಾಲೇಜಿನ ಹತ್ತಿರ ಹೋದಾಗ ಬೇರೆಯೇ ಮಾತು ಸಿಕ್ಕಿತು. ಮೂರು ಹುಡುಗಿಯರು ಅರ್ಜಿ ಓದಿ ವಾಪಸ್ ಕೊಟ್ಟರು. ಒಬ್ಬಳು ನೇರವಾಗಿ ಕೇಳಿದಳು: "ಅಣ್ಣಾರ, ನಿಮ್ಮ ಪ್ಯಾಟ್ಯಾಗ ಹೆಣ್ಣಮಕ್ಕಳಿಗೆ ಒಂದರ ಸಂಡಾಸ್ ಐತೇನ್ರಿ? ನಾವು ಮುಂಜಾನೆ ಬಂದ್ರ ಸಂಜಿತನಕ ನೀರು ಕುಡಿಯಂಗಿಲ್ಲ." ಡ್ರೆಸ್ ಹಾಕಿ ನೋಡಲು ಒಂದು ಕೋಣೆ ಇಲ್ಲ, ಕೂರಲು ಒಂದು ಕಟ್ಟೆ ಇಲ್ಲ, ಮಾಲ್ ಬಂದರೆ ಅದಾದರೂ ಸಿಗುತ್ತದೆ ಅಂದರು.

ನಾನು ಸುಮ್ನೆ ನಿಂತೆ. ಇಪ್ಪತ್ತೆರಡು ವರ್ಷ ಆ ಪೇಟೆಯಲ್ಲಿ ಕೂತಿದ್ದೇನೆ. ಗಂಡಸರಿಗೆ ಬಸ್ ಸ್ಟ್ಯಾಂಡ್ ಹಿಂದಿನ ಗೋಡೆ ಇದೆ. ನನ್ನ ಹೆಂಡತಿ ಅಂಗಡಿಗೆ ಬಂದರೆ ಮಧ್ಯಾಹ್ನದೊಳಗೆ ಮನೆಗೆ ಹೋಗುತ್ತೇನೆ ಅನ್ನುತ್ತಿದ್ದಳು. ಅಡುಗೆ ಕೆಲಸಕ್ಕೆ ಅಂದುಕೊಂಡಿದ್ದೆ. ಅವತ್ತು ಕೇಳಿದೆ. ಅಡುಗೆಗಲ್ಲ ಅಂದಳು. ಅದೇ ರಾತ್ರಿ ಅರ್ಜಿಗೆ ಒಂದು ಪುಟ ಸೇರಿಸಿದೆ. ಹಳೇ ಪೇಟೆಯಲ್ಲಿ ಪುರಸಭೆಯದೇ ಜಾಗ ಖಾಲಿ ಇದೆ. ಅಲ್ಲಿ ಹೆಣ್ಣುಮಕ್ಕಳ ಶೌಚಾಲಯ, ಕುಡಿಯುವ ನೀರು, ಕೂರಲು ನೆರಳು ಮಾಡಿ, ದೊಡ್ಡ ಅಂಗಡಿ ಬರುವುದಾದರೆ ಬಸ್ ಸ್ಟ್ಯಾಂಡಿಗೆ ನಡೆಯುವಷ್ಟು ಹತ್ತಿರ ಬರಲಿ ಅಂತ ಬರೆದೆ. ನಮ್ಮವರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಬಟ್ಟೆ ಅಂಗಡಿಯವರು ನನ್ನ ಜೊತೆ ಎರಡು ವಾರ ಮಾತು ಬಿಟ್ಟರು. ಆ ಹುಡುಗಿಯರು ಮಾತ್ರ ಆ ಪುಟ ಓದಿ ಸಹಿ ಹಾಕಿದರು.

ಹದಿನಾಲ್ಕನೇ ದಿನ ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಇನ್‌ವರ್ಡ್ ನಂಬರ್, ತಾರೀಖು, ಸಿಕ್ಕಾ ಹಾಕಿಸಿಕೊಂಡೇ ಹೊರಗೆ ಬನ್ನಿ. ನಾಳೆ ಬನ್ನಿ ಅಂದರೆ ಅಲ್ಲೇ ಬೆಂಚಿನ ಮೇಲೆ ಕೂರಿ, ನಾನು ನಾಲ್ಕು ಗಂಟೆಯವರೆಗೆ ಕೂತೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಫೈಲಿನ ನಕಲನ್ನೂ ಕೇಳಿದೆ. ಉತ್ತರಕ್ಕೆ 30 ದಿನ ಇರುತ್ತದೆ, ಅಷ್ಟರಲ್ಲಿ ತಕರಾರಿನ ಗಡುವು ಮುಗಿದಿರುತ್ತದೆ. ಆದರೂ ಹಾಕಿ, ಸಭೆಯ ಹೊತ್ತಿಗೆ ಕೆಲಸಕ್ಕೆ ಬರುತ್ತದೆ.

ಸಭೆ ನಡೆದದ್ದು ಎರಡು ತಿಂಗಳ ಮೇಲೆ. ಹಾಲ್ ತುಂಬಿತ್ತು. ಮೊಬೈಲ್ ಅಂಗಡಿಯ ಹುಡುಗನೊಬ್ಬ ಎದ್ದು ನಿಂತ. "ನಮ್ಮೂರು ಹಿಂಗ ಇರಬೇಕೇನ್ರಿ? ಒಂದು ಸಿನಿಮಾಕ್ಕ ಬಾಗಲಕೋಟಿಗೆ ಹೋಗಬೇಕು. ನಿಮ್ಮ ಗಲ್ಲೆ ಉಳಿಸಾಕ ನಮ್ಮ ನೌಕರಿ ತಪ್ಪಸ್ತೀರಿ." ಜನ ಚಪ್ಪಾಳೆ ಹೊಡೆದರು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

ನಾನು ಬಾಗಲಕೋಟೆಯ ಮಾತನ್ನೇ ಎತ್ತಿಕೊಂಡೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಆಯಿತು. ನನ್ನ ಸೋದರತ್ತೆ ಅಲ್ಲೇ ಸೆಕ್ಟರಿನಲ್ಲಿದ್ದಾರೆ. ರಸ್ತೆ ಅಗಲ, ಗಾಳಿ ಬೆಳಕು ಚೆನ್ನಾಗಿದೆ. ಆದರೆ ಮದುವೆಯ ಸೀರೆಗೆ ಇವತ್ತಿಗೂ ಹಳೇ ಪೇಟೆಗೇ ಹೋಗುತ್ತಾರೆ, ಆಟೋ ಹತ್ತಿ. ಹಳೇ ಊರಲ್ಲಿದ್ದಾಗ ಮನೆಯಿಂದ ಚಪ್ಪಲಿ ಮೆಟ್ಟಿ ನಡೆದೇ ಹೋಗುತ್ತಿದ್ದರು. ಅಲ್ಲಿ ನೀರು ಬಂತು, ಬೇರೆ ದಾರಿ ಇರಲಿಲ್ಲ. ನಮ್ಮೂರಿಗೆ ಯಾವ ನೀರು ಬಂದಿದೆ? ನಾವಾಗಿಯೇ ಯಾಕೆ ಪೇಟೆಯನ್ನು ಮೂರೂವರೆ ಕಿಲೋಮೀಟರ್ ದೂರ ಇಡಬೇಕು? ಇಷ್ಟು ಹೇಳಿ 240 ಟ್ಯಾಂಕರಿನ ಲೆಕ್ಕ, ಒಡ್ಡಿನ ಚಿತ್ರ, ಕರದ ಮಾತು ಮುಂದಿಟ್ಟೆ. ಮಳೆನೀರು ಹೋಗುವ ಗಟಾರದ ನಕ್ಷೆ ತೋರಿಸಿ ಅಂತ ಮಾಲ್‌ನವರ ಎಂಜಿನಿಯರನ್ನು ಕೇಳಿದೆ. ಮಾಹಿತಿ ಹಕ್ಕಿನಲ್ಲಿ ಸಿಕ್ಕ ಫೈಲಿನಲ್ಲಿ ಅದು ಇರಲಿಲ್ಲ. ಅವರ ಕೈಯಲ್ಲೂ ಇರಲಿಲ್ಲ. ತಗ್ಗಿನ ಓಣಿಯಿಂದ ಬಂದವರು ಆಗ ಮಾತಾಡಲು ಶುರು ಮಾಡಿದರು. ಅವರ ಮನೆ ಗೋಡೆಯ ಮೇಲೆ ಹಿಂದಿನ ಮಳೆಯ ನೀರಿನ ಗೆರೆ ಇನ್ನೂ ಇದೆ. ನನ್ನ ಲೆಕ್ಕಕ್ಕಿಂತ ಆ ಗೆರೆ ಹೆಚ್ಚು ಕೆಲಸ ಮಾಡಿತು.

ಗಟಾರದ ನಕ್ಷೆ, ರಸ್ತೆಯ ನಕ್ಷೆ, ನೀರು ಎಲ್ಲಿಂದ ಅನ್ನುವ ಉತ್ತರ ಕೊಡಿ ಅಂತ ಫೈಲ್ ವಾಪಸ್ ಹೋಯಿತು. ಒಂದೂವರೆ ವರ್ಷ ಆಯಿತು, ಇನ್ನೂ ಬಂದಿಲ್ಲ. ಬರಬಹುದು. ಯಜಮಾನರು ಈ ಸಲ ಬಿಳಿಜೋಳ ಬಿತ್ತಿದ್ದಾರೆ. ನಡುವೆ ಎರಡು ಸಾಲು ಕುಸುಬೆ. ನನ್ನ ಮೇಲೆ ಅವರಿಗೆ ಅಷ್ಟು ಸಮಾಧಾನವಿಲ್ಲ. ಬೆಲೆ ಬಂದಾಗ ತಪ್ಪಿಸಿದೆ ಅನ್ನುತ್ತಾರೆ. ಅವರ ಮಗನ ಜೊತೆ ಒಮ್ಮೆ ಕೂತು ಮಾತಾಡುವುದು ಬಾಕಿ ಇದೆ.

ಹಳೇ ಪೇಟೆಯಲ್ಲಿ ಶೌಚಾಲಯದ ಗೋಡೆ ಎದ್ದಿದೆ. ತೊಟ್ಟಿ ಕೂತಿದೆ, ನಳ ಬಂದಿದೆ. ಬಾಗಿಲು ಹಚ್ಚಿಲ್ಲ. ಅರ್ಜಿ ವಾಪಸ್ ಕೊಟ್ಟಿದ್ದ ಹುಡುಗಿ ಮೊನ್ನೆ ಅಂಗಡಿಗೆ ಬಂದಿದ್ದಳು. "ಅಣ್ಣಾರ, ಬಾಗಲಾ ಯಾವಾಗ ಹಚ್ತಾರ್ರಿ?" ಅಂದಳು. ಪ್ರತಿ ಗುರುವಾರ ಅಂಗಡಿಗೆ ಹೆಂಡತಿಯನ್ನು ಕೂರಿಸಿ ನಾನು ಅದನ್ನೇ ಕೇಳಲು ಹೋಗುತ್ತಿದ್ದೇನೆ. ಈ ಗುರುವಾರ ಹೆಂಡತಿಯೂ ಬರುತ್ತೇನೆ ಅಂದಿದ್ದಾಳೆ. ಅಂಗಡಿಯನ್ನು ಎರಡು ತಾಸು ಮುಚ್ಚುತ್ತೇವೆ.